ಮಾಲ್ಮೋದಲ್ಲಿ ಬಟ್ಟೆ ಚೀಲ ಬಿಚ್ಚುವ ಶನಿವಾರಗಳು

ಸ್ವೀಡನ್ನಿನ ಮಾಲ್ಮೋ ನಗರಕ್ಕೆ ಬಂದ ಮೇಲೆ ಶನಿವಾರಗಳಂದು ದತ್ತಿ ಸಂಸ್ಥೆಯೊಂದರ ಹಳೆ ಬಟ್ಟೆ ಅಂಗಡಿಯಲ್ಲಿ ಸ್ವಯಂಸೇವಕಿಯಾಗಿದ್ದೇನೆ. ನನ್ನ ಕೆಲಸ ಹಿಂದಿನ ಕೋಣೆಯಲ್ಲಿ. ಚೀಲ ಬಿಚ್ಚಿದ ಕೂಡಲೇ ಮೂಸಿ ನೋಡಬೇಕು. ಮುಗ್ಗಲು ವಾಸನೆ ಬಂತೆಂದರೆ ಕಥೆ ಮುಗಿಯಿತು. ಒಂದು ಒದ್ದೆ ಟವೆಲ್ ಸಾಕು, ಜೊತೆಗಿದ್ದ ಒಳ್ಳೆಯ ಸ್ವೆಟರುಗಳೂ ಹಾಳಾಗಿರುತ್ತವೆ. ಆಮೇಲೆ ಒಂದೊಂದನ್ನೂ ಬೆಳಕಿಗೆ ಹಿಡಿದು ಕಾಲರ್, ಕಂಕುಳು, ಜಿಪ್ ನೋಡುತ್ತೇವೆ.

2025ರ ಜನವರಿ 1ರಿಂದ ಐರೋಪ್ಯ ಒಕ್ಕೂಟದ ದೇಶಗಳು ಬಟ್ಟೆ ತ್ಯಾಜ್ಯವನ್ನು ಪ್ರತ್ಯೇಕವಾಗಿ ಸಂಗ್ರಹಿಸಬೇಕೆಂಬ ನಿಯಮ ಬಂತು. ಉದ್ದೇಶ ಒಳ್ಳೆಯದೇ. ಆದರೆ ಹರಿದ ಕಾಲುಚೀಲವನ್ನೂ ಕಸದ ಬುಟ್ಟಿಗೆ ಹಾಕುವಂತಿಲ್ಲ ಎಂದಾದಾಗ ಜನ ಅದನ್ನು ದಾನದ ಪೆಟ್ಟಿಗೆಗೇ ತಂದು ಸುರಿದರು. ವಿಲೇವಾರಿ ಮಾಡುವ ಖರ್ಚು ಸಂಸ್ಥೆಗಳ ತಲೆಗೆ ಬಿತ್ತು. ಬಡವರ ಊಟ, ವಸತಿಗೆ ಹೋಗಬೇಕಾದ ಹಣ ಚಿಂದಿ ಸಾಗಿಸಲು ಹೋಗುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಸ್ವೀಡನ್ ನಿಯಮ ಸಡಿಲಿಸಿ, ತೀರಾ ಹಾಳಾದ ಬಟ್ಟೆಯನ್ನು ಮನೆಯ ಕಸದ ಜೊತೆ ಹಾಕಲು ಮತ್ತೆ ಅವಕಾಶ ಕೊಟ್ಟಿತು.

ಮಾರಾಟವಾಗದೆ ಉಳಿದದ್ದನ್ನು ಸಗಟು ವ್ಯಾಪಾರಿಗಳು ತೂಕದ ಲೆಕ್ಕದಲ್ಲಿ ಕೊಳ್ಳುತ್ತಾರೆ. ಯುರೋಪಿನ ಇಂತಹ ಮೂಟೆಗಳು ಘಾನಾದ ಕಾಂಟಮಾಂಟೊ ಮಾರುಕಟ್ಟೆಯವರೆಗೂ ಹೋಗುತ್ತವೆ. ನಮ್ಮ ಪಾಣಿಪತ್‌ಗೂ ಬರುತ್ತವೆ. ಅಲ್ಲಿ ಉಣ್ಣೆ ಬಟ್ಟೆಗಳ ಗುಂಡಿ, ಜಿಪ್ ಕಿತ್ತು, ಬಣ್ಣವಾರು ವಿಂಗಡಿಸಿ, ಎಳೆ ಎಳೆಯಾಗಿ ಬಿಡಿಸಿ ಮತ್ತೆ ನೂಲು ತೆಗೆದು ಕಂಬಳಿ ನೇಯುತ್ತಾರೆ. ಉಣ್ಣೆಯ ಕೋಟು ಕೈಗೆ ಬಂದಾಗಲೆಲ್ಲ ನನಗೆ ಆ ಕಂಬಳಿಗಳ ನೆನಪು.

ಮಾಲ್ಮೋದಲ್ಲೇ ಸಿಪ್‌ಟೆಕ್ಸ್ ಎಂಬ ಘಟಕವಿದೆ. ಅವಕೆಂಪು ಬೆಳಕು ಹಾಯಿಸಿ ಇದು ಹತ್ತಿ, ಇದು ಪಾಲಿಯೆಸ್ಟರ್ ಎಂದು ಯಂತ್ರವೇ ವಿಂಗಡಿಸುತ್ತದೆ; ವರ್ಷಕ್ಕೆ 24,000 ಟನ್ ಸಾಮರ್ಥ್ಯ. ಆದರೆ ವಿಂಗಡಿಸಿದ್ದನ್ನು ಕೊಳ್ಳುವವರು ಬೇಕಲ್ಲ? ಹಳೆ ಹತ್ತಿ ಬಟ್ಟೆಯಿಂದ ಹೊಸ ನಾರಿಗೆ ತಿರುಳು ತಯಾರಿಸುತ್ತಿದ್ದ ಸ್ವೀಡನ್ನಿನ ರಿನ್ಯೂಸೆಲ್ ಕಂಪನಿ 2024ರ ಫೆಬ್ರುವರಿಯಲ್ಲಿ ದಿವಾಳಿಯಾಯಿತು. ಹೊಸ ಬಟ್ಟೆಯೇ ಇಷ್ಟು ಅಗ್ಗವಾಗಿರುವಾಗ ಹಳೆಯದಕ್ಕೆ ಬೆಲೆ ಬರುವುದು ಕಷ್ಟ ಎಂದೇ ನನ್ನ ಭಾವನೆ.

ಕಳೆದ ವಾರ ಬಂದ ಚೀಲವೊಂದರಲ್ಲಿ ನೀಲಿ ಕೋಟಿತ್ತು. ಒಗೆದು, ಇಸ್ತ್ರಿ ಮಾಡಿ, ಕಿತ್ತುಹೋಗಿದ್ದ ಅಸ್ತರಿಗೆ ಹೊಲಿಗೆ ಹಾಕಿದ್ದರು. ಜೇಬಿನಲ್ಲಿ ಕಾಗದದ ಪೊಟ್ಟಣ. ಬಿಚ್ಚಿದರೆ ಅದೇ ಕೋಟಿನ ಎರಡು ಹೆಚ್ಚುವರಿ ಗುಂಡಿಗಳು. ಪೊಟ್ಟಣವನ್ನು ಹಾಗೆಯೇ ಜೇಬಿಗೆ ಸೇರಿಸಿ ಕೋಟನ್ನು ಮುಂದಿನ ಸಾಲಿನಲ್ಲಿ ತೂಗುಹಾಕಿದೆ.