ಗಿರಣಿ ಸದ್ದು

ಆ ಸದ್ದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ. ಡಾಕ್ಟರ್ ತಮ್ಮ ಸ್ಟೆತಾಸ್ಕೋಪನ್ನು ನನಗೆ ಕೊಟ್ಟು, ಮಗಳ ಎದೆಯ ಎಡಗಡೆ, ಕುತ್ತಿಗೆಗೆ ಸ್ವಲ್ಪ ಕೆಳಗೆ ಅದರ ಬಿಲ್ಲೆ ಇಟ್ಟು "ಕೇಳಿಸ್ಕೊಳ್ಳಿ ಅಮ್ಮ" ಅಂದ್ರು. ಲಬ್ ಡಬ್ ಅಂತ ಬಿಟ್ಟು ಬಿಟ್ಟು ಕೇಳಿಸಬೇಕಲ್ವಾ? ಅದಲ್ಲ. ಪಕ್ಕದ ಬೀದಿಯಲ್ಲಿ ಹಿಟ್ಟಿನ ಗಿರಣಿ ಓಡುತ್ತಿರುವ ಹಾಗೆ ಒಂದೇ ಸಮನೆ ಗುರ್ ಅನ್ನುವ ಸದ್ದು. ಎರಡೂವರೆ ವರ್ಷ ಅದು ನನ್ನ ಮಗುವಿನೊಳಗೆ ಹೀಗೇ ಓಡುತ್ತಿತ್ತು, ನನಗೆ ಗೊತ್ತೇ ಇರಲಿಲ್ಲ.

ಗೊತ್ತಾಗಬಹುದಿತ್ತು. ಪುಟ್ಟಿ ಹಾಲು ಕುಡಿಯುವಾಗ ಹಣೆಯೆಲ್ಲ ಬೆವರುತ್ತಿತ್ತು. ನಾಲ್ಕು ಸಲ ಚೀಪಿ ಬಿಟ್ಟುಬಿಡೋಳು, ಸುಸ್ತಾಗಿ ಮಲಗೋಳು, ಮತ್ತೆ ಹಸಿವಾಗಿ ಅಳೋಳು. ತೂಕ ಏರಲೇ ಇಲ್ಲ. ಒಂದೇ ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಆಯಿತು. ಅತ್ತೆ ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು, ಅವರ ಪ್ರೀತಿ ಅದು. ನನಗೆ ಈಗಲೂ ಸಿಟ್ಟು ಬರೋದು ನಾವು ತೋರಿಸುತ್ತಿದ್ದ ಒಬ್ಬ ಡಾಕ್ಟರ್ ಮೇಲೆ. ಎಲ್ಲ ಹೇಳಿದ ಮೇಲೂ "ಕೆಲವು ಮಕ್ಕಳು ಸಣ್ಣಗೇ ಇರ್ತಾರೆ, ಟಾನಿಕ್ ಕೊಡಿ" ಅಂದು ಕಳಿಸಿದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಒಂದು ನಿಮಿಷ ಸರಿಯಾಗಿ ಕೇಳಿದ್ದರೆ ಸಾಕಿತ್ತು.

ಕೊನೆಗೆ ಕಂಡುಹಿಡಿದದ್ದು ಅಂಗನವಾಡಿಯಲ್ಲಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ ಒಂದಿದೆ, ಆರ್‌ಬಿಎಸ್‌ಕೆ ಅಂದರೆ ಅಂಗನವಾಡಿ ಟೀಚರ್‌ಗೆ ತಕ್ಷಣ ಗೊತ್ತಾಗುತ್ತದೆ. ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬಂದು ಮಕ್ಕಳನ್ನು ನೋಡಬೇಕು. ಅವತ್ತು ಬಂದ ಡಾಕ್ಟರಮ್ಮ ಪುಟ್ಟಿಯ ಎದೆಯ ಮೇಲೆ ಬಿಲ್ಲೆ ಇಟ್ಟವರು ತೆಗೆಯಲೇ ಇಲ್ಲ. ಸುಮ್ನೆ ಒಂದು ಚೀಟಿ ಬರೆದು "ಎಕೋ ಮಾಡಿಸಿ, ಈ ವಾರವೇ" ಅಂದ್ರು.

ಎಕೋ ಅಂದರೆ ಹೃದಯದ ಸ್ಕ್ಯಾನ್. ಅದರಲ್ಲಿ ಬಂದ ಹೆಸರು ಪಿಡಿಎ, ಪೇಟೆಂಟ್ ಡಕ್ಟಸ್ ಆರ್ಟೀರಿಯೋಸಸ್. ಜನ ಹೃದಯದಲ್ಲಿ ತೂತು ಅಂತಾರೆ, ಆದರೆ ಇದು ನಿಜವಾಗಿ ತೂತಲ್ಲ, ಒಂದು ಸಣ್ಣ ನಾಳ. ಹೊಟ್ಟೆಯಲ್ಲಿರುವಾಗ ಮಗು ಉಸಿರಾಡುವುದಿಲ್ಲ, ಶ್ವಾಸಕೋಶಕ್ಕೆ ಜಾಸ್ತಿ ರಕ್ತ ಬೇಕಾಗುವುದಿಲ್ಲ. ಹಾಗಾಗಿ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳಕ್ಕೆ ಒಂದು ಅಡ್ಡದಾರಿ ಇರುತ್ತದೆ. ಹುಟ್ಟಿದ ಎರಡು ಮೂರು ದಿನದಲ್ಲಿ ಅದು ತಾನಾಗಿಯೇ ಮುಚ್ಚಿಕೊಳ್ಳಬೇಕು. ನಮ್ಮ ಪುಟ್ಟಿಗೆ ಮುಚ್ಚಲಿಲ್ಲ. ಮೈಗೆ ಹೋಗಬೇಕಾದ ರಕ್ತದಲ್ಲಿ ಒಂದಷ್ಟು ಶ್ವಾಸಕೋಶಕ್ಕೇ ವಾಪಸ್ ಸುರಿಯುತ್ತಿತ್ತು, ಹೃದಯ ಎರಡು ಪಾಲು ದುಡಿಯುತ್ತಿತ್ತು. ಉಣ್ಣೋದಕ್ಕೇ ಸುಸ್ತು ಅಂದ ಮೇಲೆ ತೂಕ ಎಲ್ಲಿಂದ ಬರಬೇಕು?

ನಮ್ಮ ಮನೆಯವರು ಕೇಳಿದ ಮೊದಲ ಮಾತು "ಎದೆ ಸೀಳ್ತೀರಾ ಸಾರ್?" ಅಂತ. ಹೃದಯ ಅಂದ ತಕ್ಷಣ ನಮಗೆಲ್ಲ ಕಣ್ಣ ಮುಂದೆ ಬರುವುದು ಅದೊಂದೇ ಚಿತ್ರ. ಬೆಂಗಳೂರಿನ ಆ ಮಕ್ಕಳ ಹೃದಯದ ಡಾಕ್ಟರ್ ಮೇಜಿನ ಡ್ರಾಯರಿನಿಂದ ಒಂದು ಸಣ್ಣ ವಸ್ತು ತೆಗೆದು ನನ್ನ ಅಂಗೈ ಮೇಲಿಟ್ಟರು. ತಂತಿಯಿಂದ ನೇಯ್ದ ಒಂದು ಪುಟಾಣಿ ಅಣಬೆ, ಕಡಲೆಕಾಳಿಗಿಂತ ತುಸು ದೊಡ್ಡದು ಇರಬಹುದು, ಒಳಗೆ ಬಿಳಿ ಬಟ್ಟೆಯ ತುಣುಕುಗಳು. ಅವರು ಎರಡೂ ತುದಿ ಹಿಡಿದು ಎಳೆದರೆ ಅದು ದಾರದ ಹಾಗೆ ಸಪೂರ ಆಗಿಬಿಟ್ಟಿತು. ಬಿಟ್ಟ ಕೂಡಲೇ ಮತ್ತೆ ಅಣಬೆ. ನಾನು ನಾಲ್ಕೈದು ಸಲ ಎಳೆದು ಬಿಟ್ಟು ನೋಡಿದೆ. ನಿಟಿನಾಲ್ ಅಂತೆ, ನಿಕಲ್ ಮತ್ತು ಟೈಟಾನಿಯಂ ಸೇರಿಸಿದ ಲೋಹ. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು ಅಂತ ಆಮೇಲೆ ಓದಿ ತಿಳಿದುಕೊಂಡೆ. ತನ್ನ ಆಕಾರ ಮರೆಯದ ಲೋಹ ಅದು. ಹಾಗಾಗಿಯೇ ಅದನ್ನು ಸಣ್ಣ ಕೊಳವೆಯೊಳಗೆ ತೂರಿಸಬಹುದು, ಹೊರಗೆ ಬಂದ ತಕ್ಷಣ ಅರಳುತ್ತದೆ.

ಕ್ಯಾತ್ ಲ್ಯಾಬಿಗೆ, ಅಂದರೆ ಕೊಳವೆ ಹಾಕಿ ಹೃದಯಕ್ಕೆ ಚಿಕಿತ್ಸೆ ಮಾಡುವ ಕೋಣೆಗೆ, ಪುಟ್ಟಿಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕರಕೊಂಡು ಹೋದರು. ಬಾಗಿಲಿನವರೆಗೆ ನನ್ನ ಸೊಂಟದ ಮೇಲೇ ಇದ್ದಳು. ಒಳಗೆ ನಡೆದದ್ದನ್ನು ಡಾಕ್ಟರ್ ಆಮೇಲೆ ಚಿತ್ರ ಬರೆದು ತೋರಿಸಿದರು. ನಿದ್ದೆ ಬರಿಸಿ, ತೊಡೆಸಂದಿನ ರಕ್ತನಾಳಕ್ಕೆ ಸೂಜಿ ಚುಚ್ಚಿ, ಅಲ್ಲಿಂದ ತೆಳ್ಳಗಿನ ಕೊಳವೆಯನ್ನು ಹೃದಯದವರೆಗೆ ಏರಿಸುತ್ತಾರೆ. ಡೈ ಬಿಟ್ಟು ಎಕ್ಸ್‌ರೇಯಲ್ಲಿ ಆ ನಾಳದ ಅಳತೆ ನೋಡುತ್ತಾರೆ. ಅದಕ್ಕೆ ತಕ್ಕ ಅಣಬೆಯನ್ನು ಕೊಳವೆಯಲ್ಲಿ ತಳ್ಳಿ, ಅದರ ಟೋಪಿ ದೊಡ್ಡ ನಾಳದ ಕಡೆ ಅರಳುವ ಹಾಗೆ, ದಂಟು ಅಡ್ಡದಾರಿಯೊಳಗೆ ಬಿರಡೆಯ ಹಾಗೆ ಕೂರುವ ಹಾಗೆ ಬಿಡುತ್ತಾರೆ. ನನಗೆ ಸಮಾಧಾನ ಕೊಟ್ಟ ಮಾತು ಇದು: ಅಣಬೆ ಸ್ಕ್ರೂ ಹಾಕಿದ ಹಾಗೆ ಒಂದು ತಂತಿಯ ತುದಿಗೆ ಅಂಟಿಕೊಂಡೇ ಇರುತ್ತದೆ. ಸರಿಯಾಗಿ ಕೂತಿಲ್ಲ ಅನ್ನಿಸಿದರೆ ವಾಪಸ್ ಎಳೆದುಕೊಳ್ಳಬಹುದು. ಎಲ್ಲ ಸರಿ ಅಂತ ಖಾತ್ರಿ ಆದ ಮೇಲೆಯೇ ತಂತಿ ತಿರುಗಿಸಿ ಬಿಡಿಸುವುದು.

ಅಪಾಯವೇ ಇಲ್ಲ ಅಂತ ಯಾರೂ ಹೇಳಲಿಲ್ಲ. ಅಣಬೆ ಜಾರಬಹುದು, ಕಾಲಿನ ರಕ್ತನಾಳಕ್ಕೆ ಪೆಟ್ಟಾಗಬಹುದು, ಸ್ವಲ್ಪ ಸೋರಿಕೆ ಉಳಿಯಬಹುದು ಅಂತ ಸಹಿ ಹಾಕಿಸಿಕೊಳ್ಳುವ ಮುಂಚೆ ಒಂದೊಂದನ್ನೂ ಬಿಡಿಸಿ ಹೇಳಿದರು. ಹಾಗೆ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು.

ಹೊರಗೆ ಬಂದಾಗ ತೊಡೆಸಂದಿನಲ್ಲಿ ಒಂದು ಪ್ಲಾಸ್ಟರ್, ಅಷ್ಟೇ. ಹೊಲಿಗೆ ಇಲ್ಲ. ಕಷ್ಟ ಆದದ್ದು ಅದರ ನಂತರದ ಆರು ಗಂಟೆ. ಕಾಲು ಮಡಚಬಾರದು, ಮಡಚಿದರೆ ರಕ್ತ ಬರುತ್ತದೆ. ಎರಡೂವರೆ ವರ್ಷದ ಮಗುವಿಗೆ ಯಾರು ಹೇಳೋದು? ನಾನು ಅವಳ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ನಾಯಿ, ಕಾಗೆ, ನರಿ, ನನಗೆ ಗೊತ್ತಿದ್ದ ಕತೆ ಎಲ್ಲ ಹೇಳಿ ಮುಗಿಸಿದೆ. ನರ್ಸ್ ಅರ್ಧ ಗಂಟೆಗೊಮ್ಮೆ ಬಂದು ಪಾದದ ನಾಡಿ ಮುಟ್ಟಿ ನೋಡಿ ಹೋಗುತ್ತಿದ್ದರು.

ಪಕ್ಕದ ಹಾಸಿಗೆಯಲ್ಲಿ ರಾಯಚೂರಿನ ಕಡೆಯ ಒಬ್ಬ ತಾಯಿ ಇದ್ದರು, ಎಂಟು ತಿಂಗಳ ಗಂಡು ಮಗು. ಅವರು ಕೇಳಿದ್ದು ಇನ್ನೂ ಕಿವಿಯಲ್ಲಿದೆ. "ಅಕ್ಕಾ, ನಿಮ್ಮ ಕೂಸಿಗೆ ಕಾಲಾಗಿಂದ ಮುಚ್ಚ್ಯಾರ, ನಮ್ಮ ಕೂಸಿಗ್ಯಾಕ ಆಗಂಗಿಲ್ರೀ?" ಆ ಮಗುವಿಗೆ ಹೃದಯದ ಮೇಲಿನ ಕೋಣೆ, ಕೆಳಗಿನ ಕೋಣೆ ಎರಡರ ಗೋಡೆಯೂ ಕವಾಟದ ಹತ್ತಿರವೇ ತೆರೆದಿತ್ತು. ಅಲ್ಲಿ ಇಂಥ ಸಾಧನ ಕೂರಿಸಲು ಅಂಚೇ ಇರುವುದಿಲ್ಲ, ಕವಾಟವನ್ನೂ ಸರಿ ಮಾಡಬೇಕು, ಆಪರೇಷನ್ನೇ ದಾರಿ. ದುಡ್ಡಿಲ್ಲದ್ದಕ್ಕೆ ತಮ್ಮ ಮಗುವಿಗೆ ಕೊಯ್ಯುತ್ತಾರೆ ಅಂತ ಆ ತಾಯಿ ಅಂದುಕೊಂಡಿದ್ದರು. ಡಾಕ್ಟರ್ ರೌಂಡ್ಸಿಗೆ ಬಂದಾಗ ನಾನೇ ಕೇಳಿದೆ, ಅವರು ಹತ್ತು ನಿಮಿಷ ಕೂತು ಚಿತ್ರ ಬರೆದು ಹೇಳಿದರು. ಪ್ರತಿ ಅಪ್ಪ ಅಮ್ಮನಿಗೂ ಅಂಥ ಹತ್ತು ನಿಮಿಷ ಸಿಗಬೇಕು.

ಯಾವುದು ಕೊಳವೆಯಿಂದ ಆಗುತ್ತದೆ ಅಂದರೆ, ಪಿಡಿಎ ಸಾಮಾನ್ಯವಾಗಿ ಆಗುತ್ತದೆ. ಮೇಲಿನ ಕೋಣೆಗಳ ಗೋಡೆಯ ನಡುವಿನ ತೂತು, ಸುತ್ತ ಸಾಕಷ್ಟು ಅಂಚಿದ್ದರೆ ಆಗುತ್ತದೆ. ಕೆಳಗಿನ ಕೋಣೆಗಳದ್ದು ಕೆಲವು ಮಾತ್ರ. ಕಿರಿದಾದ ಕವಾಟವನ್ನು ಬಲೂನು ಉಬ್ಬಿಸಿ ಅಗಲ ಮಾಡುವುದೂ ಇದೇ ದಾರಿಯಲ್ಲಿ. ಹುಟ್ಟಿದ ಕೂಡಲೇ ನೀಲಿಯಾಗುವ ಕೆಲವು ಮಕ್ಕಳಲ್ಲಿ ಮೇಲಿನ ಗೋಡೆಯಲ್ಲಿ ಬೇಕೆಂದೇ ಬಲೂನಿನಿಂದ ತೂತು ದೊಡ್ಡದು ಮಾಡಿ, ಆಪರೇಷನ್ ಆಗುವವರೆಗೆ ಜೀವ ಉಳಿಸುತ್ತಾರೆ. ಫಿಲಡೆಲ್ಫಿಯಾದ ವಿಲಿಯಂ ರಾಶ್ಕಿಂಡ್ ಅದನ್ನು 1966ರಲ್ಲೇ ಮಾಡಿ ತೋರಿಸಿದ್ದರು. ಈಗ 700 ಗ್ರಾಂ ತೂಕದ, ತಿಂಗಳು ತುಂಬದೆ ಹುಟ್ಟಿದ ಮಗುವಿಗೂ ಪಿಡಿಎ ಮುಚ್ಚುವ ಬಟಾಣಿಗಿಂತ ಸಣ್ಣ ಸಾಧನ ಬಂದಿದೆ, 2019ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು.

ಆದರೆ ಇದೆಲ್ಲ ಸಮಯಕ್ಕೆ ಆಗಬೇಕು. ಓಪಿಡಿಯಲ್ಲಿ ಹತ್ತೊಂಬತ್ತರ ಒಬ್ಬ ಹುಡುಗಿಯನ್ನು ನೋಡಿದೆ. ಕಾಲಿನ ಉಗುರು ನೇರಳೆ ಬಣ್ಣ. ಅವಳಿಗೂ ಪುಟ್ಟಿಯದೇ ತೊಂದರೆ, ತುಂಬಾ ದೊಡ್ಡದು. ವರ್ಷಗಟ್ಟಲೆ ಜಾಸ್ತಿ ರಕ್ತ ನುಗ್ಗಿ ನುಗ್ಗಿ ಶ್ವಾಸಕೋಶದ ನಾಳಗಳೇ ಗಟ್ಟಿಯಾಗಿ, ಈಗ ಮುಚ್ಚಿದರೆ ಪ್ರಾಣಕ್ಕೇ ಅಪಾಯ ಅಂತೆ. ಮಾತ್ರೆ ಮಾತ್ರ. ಅವಳ ಅಮ್ಮ ನನ್ನ ಪುಟ್ಟಿಯ ತಲೆ ಸವರಿ "ಬೇಗ ಕರಕೊಂಡು ಬಂದ್ರಿ" ಅಂದ್ರು. ನನಗೆ ಮಾತು ಹೊರಡಲಿಲ್ಲ.

ದುಡ್ಡಿನ ವಿಷಯ ತುಂಬಾ ಜನ ಕೇಳುತ್ತಾರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಆರ್‌ಬಿಎಸ್‌ಕೆ ಚೀಟಿಯನ್ನು ಮಾತ್ರ ಕಳೆಯಬೇಡಿ. ಬೆಂಗಳೂರಿನ ಜಯದೇವ, ಅದರ ಮೈಸೂರು ಮತ್ತು ಕಲಬುರಗಿ ಆಸ್ಪತ್ರೆಗಳಲ್ಲಿ ವಿಚಾರಿಸಿ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಹಣವನ್ನೇ ತಗೊಳ್ಳುವುದಿಲ್ಲ.

ಮರುದಿನ ಮನೆಗೆ ಕಳಿಸುವ ಮುಂಚೆ ಡಾಕ್ಟರ್ ಮತ್ತೆ ಸ್ಟೆತಾಸ್ಕೋಪ್ ಕೊಟ್ಟರು. ಗಿರಣಿ ನಿಂತಿತ್ತು. ಆರು ತಿಂಗಳು ಹಲ್ಲಿನ ಬಗ್ಗೆ ಹುಷಾರು, ಹಲ್ಲು ಕೀಳಿಸುವುದಾದರೆ ಮೊದಲು ತಿಳಿಸಿ, ಸೋಂಕು ಹೃದಯಕ್ಕೆ ಹೋಗಬಹುದು ಅಂದ್ರು. ಅಷ್ಟರಲ್ಲಿ ಅಣಬೆಯ ಮೇಲೆ ಅವಳದೇ ಚರ್ಮದಂಥ ಪೊರೆ ಬೆಳೆದುಕೊಳ್ಳುತ್ತದಂತೆ.

ಮುಂದಿನ ತಿಂಗಳಿಗೆ ಒಂದು ವರ್ಷದ ಎಕೋ. ಈಗ ತಟ್ಟೆಯಲ್ಲಿ ಹಾಕಿದ ಮುದ್ದೆ ಮುಗಿಸಿ ಇನ್ನೊಂದು ತುತ್ತು ಕೇಳುತ್ತಾಳೆ, ಹಣೆಯ ಮೇಲೆ ಬೆವರಿಲ್ಲ.