ಮೊಟ್ಟೆಯ ಕಥೆಗೂ ಮುಂಚಿನ ಕಥೆ

ಎರಡನೇ ಮಹಾಯುದ್ಧದ ಪಾಠ ಬಂತೆಂದರೆ ನಮ್ಮ ಇತಿಹಾಸದ ಫಾದರ್ ಹಿಟ್ಲರನನ್ನು ಬೇಗ ಮುಗಿಸಿ ಚೀನಾದ ಶಾನ್‌ಡಾಂಗ್ ಪ್ರಾಂತ್ಯದ ವೇಷಿಯೆನ್ ಸೆರೆ ಶಿಬಿರಕ್ಕೆ ಬಂದುಬಿಡುತ್ತಿದ್ದರು. ಅವರ ಶಿಷ್ಯರಿಗೆಲ್ಲ ಮೊಟ್ಟೆಯ ಪ್ರಸಂಗ ನೆನಪಿರುತ್ತದೆ. ಅವರು ಒತ್ತಿ ಹೇಳುತ್ತಿದ್ದುದು ಮಾತ್ರ ಕಕ್ಕಸಿನ ವಿಚಾರ.

1943ರ ಮಾರ್ಚ್‌ನಲ್ಲಿ ಜಪಾನೀಯರು ಉತ್ತರ ಚೀನಾದಲ್ಲಿದ್ದ ಶತ್ರುದೇಶದ ಪ್ರಜೆಗಳನ್ನು ಅಲ್ಲಿನ ಹಳೆಯ ಪ್ರೆಸ್ಬಿಟೇರಿಯನ್ ಮಿಷನ್ ಆವರಣಕ್ಕೆ ತುಂಬಿದರು. ಸುಮಾರು 1,800 ಜನರಲ್ಲಿ 400ರಷ್ಟು ಮಂದಿ ಕಥೋಲಿಕ ಪಾದ್ರಿಗಳು, ಮಠವಾಸಿಗಳು, ಸಿಸ್ಟರ್‌ಗಳು. ಮೊದಲ ದಿನಗಳಲ್ಲೇ ಕಕ್ಕಸುಗಳು ಕಟ್ಟಿಕೊಂಡು ಉಕ್ಕಿದವು. ಯಾರೂ ಹತ್ತಿರ ಸುಳಿಯದಿದ್ದಾಗ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಳಹೊಕ್ಕವರು ಈ ಪಾದ್ರಿಗಳು, ಸಿಸ್ಟರ್‌ಗಳು, ಜೊತೆಗೆ ಕೆಲವು ಪ್ರಾಟೆಸ್ಟಂಟ್ ಮಿಷನರಿಗಳು. ಆಮೇಲೆ ಶಿಬಿರದ ಎಂಜಿನಿಯರುಗಳು ಪ್ರತಿ ಸಲ ಕೈಯಿಂದಲೇ ನೀರು ಹಾಯಿಸುವ ಏರ್ಪಾಡು ಮಾಡಿದರು.

ಉರುವಲಿನದೂ ಪಡಿಪಾಟಲೇ. ಕಲ್ಲಿದ್ದಲ ಪುಡಿಗೆ ಜೇಡಿಮಣ್ಣು, ನೀರು ಕಲಸಿ ಉಂಡೆ ಕಟ್ಟಿ ಒಣಗಿಸಬೇಕು. ಮಣ್ಣು ಹೆಚ್ಚಾದರೆ ಉಂಡೆ ಹೊತ್ತಿಕೊಳ್ಳದು. ಕಡಿಮೆಯಾದರೆ ಒಲೆಯೊಳಗೆ ಪುಡಿಯಾಗಿ ಗಾಳಿ ಆಡದೆ ಬೆಂಕಿ ಆರುತ್ತದೆ.

ಇನ್ನು ಮೊಟ್ಟೆ. ಆಸ್ಟ್ರೇಲಿಯಾದ ಫಾದರ್ ಪ್ಯಾಟ್ರಿಕ್ ಸ್ಕ್ಯಾನ್ಲನ್, ಮೌನ ಪಾಲಿಸುವ ಟ್ರಾಪಿಸ್ಟ್ ಎಂಬ ಕಥೋಲಿಕ ಮಠಪಂಥದವರು, ಗೋಡೆಯ ಬುಡದ ಕಂಡಿಯ ಬಳಿ ಪ್ರಾರ್ಥನಾ ಪುಸ್ತಕ ಹಿಡಿದು ಕೂರುತ್ತಿದ್ದರು. ಹೊರಗಿನ ರೈತರು ಕಂಡಿಯಿಂದ ಮೊಟ್ಟೆ ದಾಟಿಸುತ್ತಿದ್ದರು. ಕಾವಲುಗಾರ ಬಂದರೆ ಎಚ್ಚರಿಸಲು ಜೊತೆಗಾರರು ಗ್ರೆಗೋರಿಯನ್ ಗೀತೆ, ಅಂದರೆ ಚರ್ಚಿನ ಹಳೆಯ ಲ್ಯಾಟಿನ್ ಹಾಡು, ಎತ್ತಿಕೊಳ್ಳುವರು. ಮೊಟ್ಟೆಗಳೆಲ್ಲ ನಿಲುವಂಗಿಯ ಅಡಿಗೆ. ಚಿಪ್ಪೂ ದಂಡವಾಗಲಿಲ್ಲ: ಕುಟ್ಟಿ ಪುಡಿಮಾಡಿ ಸುಣ್ಣದಂಶಕ್ಕೆಂದು ಮಕ್ಕಳಿಗೆ ತಿನ್ನಿಸುತ್ತಿದ್ದರು. ಕೊನೆಗೆ ಸ್ಕ್ಯಾನ್ಲನ್ ಸಿಕ್ಕಿಬಿದ್ದು ಒಂಟಿ ಸೆರೆಯಾಯಿತು. ಮೌನವನ್ನೇ ವ್ರತವಾಗಿಸಿಕೊಂಡವರಿಗೆ ಇದೆಂಥ ಶಿಕ್ಷೆ ಎಂದು ಶಿಬಿರವೆಲ್ಲ ನಕ್ಕಿತು. ಅವರೋ, ರಾತ್ರಿಯಿಡೀ ಲ್ಯಾಟಿನ್ ಪ್ರಾರ್ಥನೆಯನ್ನು ಗಟ್ಟಿಯಾಗಿ ಹಾಡಿ ಕಾವಲಿನವರ ನಿದ್ದೆ ಕೆಡಿಸಿದರು.

1943ರ ಆಗಸ್ಟ್‌ನಲ್ಲಿ ಚರ್ಚಿನ ಒತ್ತಾಯದ ಮೇಲೆ ಬಹುಪಾಲು ಕಥೋಲಿಕರನ್ನು ಬೀಜಿಂಗ್‌ಗೆ ಸಾಗಿಸಿದರು. ಗಟ್ಟಿ ದುಡಿಮೆಯ ಅಷ್ಟೊಂದು ಕೈಗಳು ಒಮ್ಮೆಲೇ ಹೋದದ್ದು ಶಿಬಿರಕ್ಕೆ ದೊಡ್ಡ ಪೆಟ್ಟು.

ಉಳಿದ ಕೆಲವರಲ್ಲಿ ಬೆಲ್ಜಿಯಂನ ಫಾದರ್ ರೇಮಂಡ್ ಡಿ ಯೇಗರ್ ಒಬ್ಬರು. ಮಲ ಸಾಗಿಸುವ ಚೀನೀ ಕೂಲಿಗಳಿಗೆ ಮಾತ್ರ ದಿನವೂ ಒಳಬರಲು ಬಿಡುತ್ತಿದ್ದರು. ಡಿ ಯೇಗರ್‌ಗೆ ಹೊರಗಿನ ಗೆರಿಲ್ಲಾಗಳ ಸಂಪರ್ಕ ಸಿಕ್ಕಿದ್ದು ಈ ದಾರಿಯಲ್ಲೇ. 1944ರ ಜೂನ್‌ನಲ್ಲಿ ಶಿಬಿರದ ಸೆರೆಯಾಳುಗಳಾದ ಲಾರೆನ್ಸ್ ಟಿಪ್ಟನ್, ಆರ್ಥರ್ ಹಮ್ಮೆಲ್ ಗೋಡೆ ಹಾರಿ ಪಾರಾದರು. ಆಮೇಲೆ ಅವರ ಸುದ್ದಿ ತೆಳು ರೇಷ್ಮೆಯ ಮೇಲೆ ಬರೆದ ಚೀಟಿಯಾಗಿ, ಗುಳಿಗೆಯಂತೆ ಸುತ್ತಿಕೊಂಡು, ಕೂಲಿಯ ಮೂಗಿನ ಹೊಳ್ಳೆಯಲ್ಲಿ ಒಳಬರುತ್ತಿತ್ತು. ತಾನೂ ಓಡಿಹೋಗಲು ಸಜ್ಜಾಗಿದ್ದ ಡಿ ಯೇಗರ್‌ಗೆ ಅವರ ಮೇಲಧಿಕಾರಿ ಫಾದರ್ ಅಪ್ಪಣೆ ಕೊಡಲಿಲ್ಲ; ಹಮ್ಮೆಲ್ ಹೋದದ್ದು ಡಿ ಯೇಗರ್ ಜಾಗದಲ್ಲಿ.