ಸಂಕದ ಆಚೆ

ನಾಗರ ಪಂಚಮಿಯ ದಿನ ಬೆಳಗ್ಗೆಯೇ ಮಳೆ ಹಿಡಿದುಕೊಂಡಿತ್ತು. ಕುಂಬಳೆ ಸಮೀಪದ, ನಮ್ಮ ಕುಟುಂಬದ ಮೂಲನಾಗನ ಬನಕ್ಕೆ ಅಡಿಕೆ ತೋಟ ಇಳಿದು, ತೋಡಿನ ಸಂಕ, ಅಂದರೆ ಹಳ್ಳದ ಕಾಲುಸೇತುವೆ, ದಾಟಿ ಹೋಗಬೇಕು. ಸಂಕದ ಆಚೆ ಕಾಲಿಟ್ಟ ಮೇಲೆ ಮಾತಿಲ್ಲ.

ಬನಕ್ಕೆ ಕತ್ತಿ ಒಯ್ಯಬಾರದು, ಬಿದ್ದ ಒಣ ಕಡ್ಡಿಯನ್ನೂ ಒಲೆಗೆ ತರಬಾರದು, ಸಿಳ್ಳೆ ಹಾಕಬಾರದು. ಹಾಕಿದರೆ ಹಾವು ಬರುತ್ತದೆ ಎಂದು ಮಕ್ಕಳನ್ನು ಹೆದರಿಸುತ್ತಿದ್ದರು. ಸುತ್ತಲಿನ ಗುಡ್ಡಗಳಿಗೆ ರಬ್ಬರ್ ಬಂದ ಮೇಲೂ ಇಲ್ಲಿಯ ಹಾಲೆ, ರೆಂಜೆ ಮರಗಳು ಉಳಿದದ್ದು ಆ ಹೆದರಿಕೆಯಿಂದಲೇ ಎಂದು ನಾನು ನಂಬಿದ್ದೇನೆ.

ಚಿಕ್ಕಂದಿನಲ್ಲಿ ಕೇಳಿದ್ದೆ, “ಅಜ್ಜಿ, ರಾತ್ರಿ ತೋಟಕ್ಕೆ ಹೋಗುವಾಗ ಕೋಲು ಬಡಿಯುತ್ತಾ ಹೋಗು ಎನ್ನುತ್ತೀಯಲ್ಲ, ಇಲ್ಲಿ ಯಾಕೆ ಮೆಲ್ಲಗೆ?”

“ತೋಟದಲ್ಲಿ ದಾರಿ ಬಿಡು ಎಂದು ಕೇಳಿಕೊಳ್ಳುವುದು. ಇದು ಅವನ ಮನೆ. ಅವನ ಮನೆಯೊಳಗೇ ಹೋಗಿ ದಾರಿ ಬಿಡು ಎನ್ನುತ್ತಾರೆಯೇ?”

ಸಂಸ್ಕೃತದಲ್ಲಿ ಹಾವಿಗೆ ಚಕ್ಷುಶ್ರವ ಎಂಬ ಹೆಸರಿದೆ, ಕಣ್ಣಿನಿಂದಲೇ ಕೇಳುವವನು. ಅದಕ್ಕೆ ಹೊರಕಿವಿಯಿಲ್ಲ, ನೆಲದ ಅದುರು ದವಡೆಯ ಎಲುಬಿನ ಮೂಲಕ ಒಳಕಿವಿಯನ್ನು ಮುಟ್ಟುತ್ತದೆ ಎಂಬುದನ್ನು ನಾನು ಓದಿದ್ದು ಎಷ್ಟೋ ವರ್ಷಗಳ ನಂತರ. ಅಜ್ಜಿ ಓದಿದವರಲ್ಲ. ಬನದೊಳಗೆ ಅವರು ಮೊದಲು ಬೆರಳ ತುದಿಯಿಂದ ತರಗೆಲೆ ಮುಟ್ಟಿ, ಆಮೇಲೆ ಹಿಮ್ಮಡಿ ಊರುತ್ತಿದ್ದರು. ಒದ್ದೆ ಎಲೆ ಒತ್ತುವ ಸಣ್ಣ ಸದ್ದೂ ಕೇಳಿಸುತ್ತಿರಲಿಲ್ಲ. ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಂಡಿರುತ್ತಿದ್ದರು.

ಈ ಸಲ ನಮ್ಮವರೇ ಒಬ್ಬರು ಭಕ್ತಿಗೀತೆ ಹಾಕಲು ಸ್ಪೀಕರ್ ತಂದಿದ್ದರು. ಭಕ್ತಿಯಿಂದಲೇ ತಂದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಶಬ್ದಮಾಲಿನ್ಯದ ಬಗ್ಗೆ 2000ದಲ್ಲಿ ಬಂದ ನಿಯಮದಲ್ಲಿ ಧ್ವನಿವರ್ಧಕಕ್ಕೆ ತಡೆ ಇರುವುದು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ, ಈಗ ಹಗಲಲ್ಲವೇ ಎಂದರು. ಅದೇ ನಿಯಮದಂತೆ ಹಗಲಿನಲ್ಲೂ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು ಎಂದು ನಾನು ವಾದಕ್ಕೆ ನಿಲ್ಲಬಹುದಿತ್ತು. ಆದರೆ ನಾಗನ ಮನೆ ಬಾಗಿಲಲ್ಲಿ ಆ ಲೆಕ್ಕವೆಲ್ಲ ಯಾಕೆ? ಚಿಕ್ಕಮ್ಮ ಏನೂ ಹೇಳದೆ ಸ್ಪೀಕರನ್ನು ಅವರ ಕೈಯಿಂದ ತೆಗೆದುಕೊಂಡು, ಸಂಕದ ಈಚೆ, ಸೀಯಾಳ ಕೆತ್ತಿದ ಕತ್ತಿಯ ಪಕ್ಕದಲ್ಲಿಟ್ಟು, ಮಳೆ ತಾಗದಂತೆ ಅಡಿಕೆ ಹಾಳೆ ಮುಚ್ಚಿದರು. ಸ್ಪೀಕರ್ ತಂದವರೂ ನಮ್ಮ ಜೊತೆ ಬರಿಗೈಯಲ್ಲಿ ಬಂದರು.

ನಾಗನಿಗೆ ಸಲ್ಲಿಸುವ ಪೂಜೆ, ತಂಬಿಲ, ನಡೆಯಿತು. ಭಟ್ಟರ ಮಂತ್ರ ತುಟಿಯಲ್ಲೇ ಇತ್ತು. ಅರಸಿನ ಹುಡಿ ಹಚ್ಚಿದ ಕಲ್ಲಿನ ಹೆಡೆಯ ಮೇಲೆ ಹಾಲು ಇಳಿದು, ಹಿಂಗಾರದ, ಅಡಿಕೆ ಹೂವಿನ, ಎಸಳುಗಳನ್ನು ಒಂದೊಂದಾಗಿ ಬುಡಕ್ಕೆ ತಂದಿತು. ಎಲ್ಲೋ ಕೆಂಬೂತ ಒಂದು ಸಲ ಕೂಗಿತು. ಸ್ಪೀಕರ್ ತಂದವರು ಕಣ್ಣು ಮುಚ್ಚಿ ನಿಂತಿದ್ದರು, ಸೀಯಾಳದ ನೀರು ಕಲ್ಲಿನ ಮೇಲೆ ಬೀಳುವ ಸದ್ದು ನಿಂತ ಮೇಲೂ ತೆರೆಯಲಿಲ್ಲ.